‘ಟ್ರೈನಿಂಗ್ ಕೊಡಿ’ ಅಂದಾಗ ಮೊದಲು ತೆರೆಯಬೇಕಾದ ಪುಸ್ತಕ ಯಾವುದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಗಾರ್ಮೆಂಟ್ ಫ್ಯಾಕ್ಟರಿಯ ತರಬೇತಿ ವಿಭಾಗಕ್ಕೆ ಹೊಸದಾಗಿ ಬಂದಿದ್ದೀರಿ, ಇನ್‌ಸ್ಟ್ರಕ್ಷನಲ್ ಡಿಸೈನ್ (ತರಬೇತಿ ರೂಪಿಸುವ ವಿದ್ಯೆ) ಓದಿದವರಲ್ಲ. ಕಾಲರ್ ಲೈನಿನಲ್ಲಿ ಆಲ್ಟರ್ (ತಪ್ಪಾಗಿ ಹೊಲಿದು, ಬಿಚ್ಚಿ ಸರಿಪಡಿಸಬೇಕಾದ ಪೀಸ್) ಜಾಸ್ತಿ ಬರುತ್ತಿದೆ, 60 ಜನ ಟೈಲರ್‌ಗಳಿಗೆ ಎರಡು ದಿನದ ‘ಕ್ವಾಲಿಟಿ ಅವೇರ್‌ನೆಸ್’ ತರಬೇತಿ ಮಾಡಿ ಎಂದು ಮ್ಯಾನೇಜರ್ ಹೇಳಿದ್ದಾರೆ. ಈ ವಿದ್ಯೆಯ ಬುನಾದಿ ಪುಸ್ತಕಗಳು ಯಾವುವು, ಯಾವ ಕ್ರಮದಲ್ಲಿ ಓದಬೇಕು, ಎಲ್ಲಿ ಹುಡುಕಿದರೂ ‘ಆ್ಯಡಿ ಮಾಡೆಲ್’ (ADDIE: ವಿಶ್ಲೇಷಣೆ, ವಿನ್ಯಾಸ, ತಯಾರಿ, ಜಾರಿ, ಮೌಲ್ಯಮಾಪನ ಎಂಬ ಐದು ಹಂತ) ಮಾತ್ರ ಸಿಗುತ್ತಿದೆಯಲ್ಲ ಎಂದು ಕೇಳಿದ್ದೀರಿ.

ಈ ವಿಷಯದ ಪುಸ್ತಕಗಳು ಎರಡು ಬಗೆ. ಹೇಗೆ ಕಲಿಸಬೇಕು ಎನ್ನುವವು ಒಂದು ಬಗೆ. ಕೆಲಸ ಯಾಕೆ ಸರಿಯಾಗಿ ಆಗುತ್ತಿಲ್ಲ, ಅದಕ್ಕೆ ಕಲಿಸುವುದು ಮದ್ದೇ, ಅಲ್ಲವೇ ಎಂದು ನೋಡುವವು ಇನ್ನೊಂದು. ಹೆಚ್ಚಿನವರು ಮೊದಲ ಬಗೆಯನ್ನೇ ಓದಿ, ಎರಡನೆಯದಕ್ಕೆ ಬರುವುದೇ ಇಲ್ಲ. ನೀವು ಎರಡನೆಯದರಿಂದ ಶುರು ಮಾಡಿ. 60 ಜನರನ್ನು ಎರಡು ದಿನ ಕೂರಿಸಿದರೆ 120 ಆಳುದಿನ ಹೋಗುತ್ತದೆ. ಕಾರಣ ಮೊಂಡಾದ ಸೂಜಿಯಾಗಿದ್ದರೆ ಅಷ್ಟೂ ನೀರಿನಲ್ಲಿ ಹೋಮ. ಮೇಲಾಗಿ, ತಮಗೆ ಕೆಲಸ ಬರುವುದಿಲ್ಲ ಎಂದು ಯಾರೋ ತೀರ್ಮಾನಿಸಿದ್ದಾರೆ ಎಂಬ ನೋವು ಆ ಹೆಣ್ಣುಮಕ್ಕಳ ಮನಸ್ಸಿನಲ್ಲಿ ಉಳಿಯುತ್ತದೆ. ನನಗೆ ಅದು ಚಿಕ್ಕ ವಿಷಯವಲ್ಲ.

ಹಾಗಾಗಿ ಮೊದಲ ಪುಸ್ತಕ ರಾಬರ್ಟ್ ಮೇಗರ್ ಮತ್ತು ಪೀಟರ್ ಪೈಪ್ ಅವರ ‘ಅನಲೈಸಿಂಗ್ ಪರ್ಫಾರ್ಮೆನ್ಸ್ ಪ್ರಾಬ್ಲಮ್ಸ್’, 1970ರದು. ಸಣ್ಣ ಪುಸ್ತಕ, ಸುಲಭದ ಇಂಗ್ಲಿಷ್, ಒಂದು ವಾರಾಂತ್ಯ ಸಾಕು. ಅದರ ಹೃದಯ ಒಂದೇ ಪ್ರಶ್ನೆಯಲ್ಲಿದೆ: ಪ್ರಾಣದ ಮೇಲೆ ಬಂದರೆ ಇವರು ಈ ಕೆಲಸ ಮಾಡಬಲ್ಲರೇ? ಮಾಡಬಲ್ಲರು ಎಂದಾದರೆ ಕೊರತೆ ಕಲಿಕೆಯದಲ್ಲ, ಬೇರೆ ಕಡೆ ಹುಡುಕಿ ಎನ್ನುತ್ತಾರೆ.

ಇದನ್ನು ನಿಮ್ಮ ಫ್ಲೋರಿನಲ್ಲಿ ಅರ್ಧ ದಿನದಲ್ಲಿ ಪರೀಕ್ಷಿಸಬಹುದು. ಆರು ಜನ ಟೈಲರ್‌ಗಳನ್ನು ಆರಿಸಿ: ಆಲ್ಟರ್ ಹೆಚ್ಚು ಬರುವ ಇಬ್ಬರು, ನಡುವಿನ ಇಬ್ಬರು, ಕಡಿಮೆ ಬರುವ ಇಬ್ಬರು. ಒಬ್ಬೊಬ್ಬರಿಗೂ 10 ಕಾಲರ್ ಕೊಡಿ, ಅಪ್ರೂವ್ಡ್ ಸ್ಯಾಂಪಲ್ (ಸರಿ ಎಂದು ಒಪ್ಪಿಗೆಯಾದ ಮಾದರಿ ಪೀಸ್) ಕಣ್ಣೆದುರಿಗೆ ಇಡಿ, ಟಾರ್ಗೆಟ್ ಇಲ್ಲ ಎಂದು ಬಾಯಿಬಿಟ್ಟು ಹೇಳಿ. ಮೊದಲ ಸುತ್ತು ಅವರವರ ಮೆಷಿನ್ನಿನಲ್ಲೇ ನಡೆಯಲಿ. ಎರಡನೇ ಸುತ್ತು ಮೆಕ್ಯಾನಿಕ್ ಆಗಷ್ಟೇ ನೋಡಿಕೊಟ್ಟ, ಹೊಸ ಸೂಜಿ ಹಾಕಿದ, ದಾರದ ಟೆನ್ಷನ್ ಸರಿ ಇರುವ ಮೆಷಿನ್ನಿನಲ್ಲಿ. ಎರಡೂ ಸುತ್ತಿನಲ್ಲಿ 9–10 ಕಾಲರ್ ಪಾಸ್ ಆದರೆ ಕೈಗೆ ಕೆಲಸ ಗೊತ್ತಿದೆ, ಟಾರ್ಗೆಟ್ಟಿನ ಒತ್ತಡವನ್ನೋ ಮತ್ತೊಂದನ್ನೋ ನೋಡಬೇಕು. ಮೊದಲ ಸುತ್ತಿನಲ್ಲಿ ಕೆಟ್ಟು ಎರಡನೆಯದರಲ್ಲಿ ಸರಿಹೋದರೆ ನೀವು ಕರೆಯಬೇಕಾದದ್ದು ಮೆಕ್ಯಾನಿಕ್‌ನನ್ನು. ಎರಡರಲ್ಲೂ ಕೆಟ್ಟವರಿಗೆ ಮಾತ್ರ ತರಬೇತಿ. ಈ ಪರೀಕ್ಷೆ ಕೆಡುವುದು ಎರಡು ಕಾರಣಕ್ಕೆ. ಸೂಪರ್‌ವೈಸರ್ ಬೆನ್ನ ಹಿಂದೆ ನಿಂತರೆ ಕೈ ನಡುಗುತ್ತದೆ. ಇಲ್ಲವೇ, ಪರೀಕ್ಷೆ ಇದೆ ಎಂದು ಗೊತ್ತಾಗಿ ಬೆಳಿಗ್ಗೆಯೇ ಎಲ್ಲ ಮೆಷಿನ್ ರಿಪೇರಿ ಮಾಡಿಸಿಬಿಡುತ್ತಾರೆ. ಆಗ ಮೊದಲ ಸುತ್ತಿಗೆ ಅರ್ಥವೇ ಇರುವುದಿಲ್ಲ.

ಮೇಗರ್–ಪೈಪ್ ಪುಸ್ತಕದ ಇನ್ನೊಂದು ಭಾಗ ಪರಿಣಾಮಗಳ ಕುರಿತದ್ದು. ಸರಿಯಾಗಿ ಮಾಡಿದವರಿಗೆ ಶಿಕ್ಷೆ ಆಗುತ್ತಿದೆಯೇ? ತಪ್ಪು ಮಾಡಿದರೆ ಲಾಭ ಇದೆಯೇ? ಹೇಗೆ ಮಾಡಿದರೂ ಒಂದೇ ಎನ್ನುವ ಸ್ಥಿತಿಯೇ? ದಾರಿಯಲ್ಲಿ ಅಡ್ಡಿ ಏನಾದರೂ ಇದೆಯೇ? ನಿಮ್ಮ ಲೈನಿಗೆ ಹಚ್ಚಿ ನೋಡಿ. ಚೆನ್ನಾಗಿ, ಬೇಗ ಹೊಲಿದು ಮುಗಿಸಿದವಳ ಮುಂದೆ ಇನ್ನೊಂದು ಬಂಡಲ್ ಬಂದು ಬೀಳುತ್ತದೆಯೇ? ಹಾಗಿದ್ದರೆ ಒಳ್ಳೆಯ ಕೆಲಸಕ್ಕೆ ಸಿಗುವ ಬಹುಮಾನ ಇನ್ನಷ್ಟು ಕೆಲಸ. ಆಲ್ಟರ್ ಆದ ಪೀಸನ್ನು ಲೈನಿನ ಕೊನೆಯಲ್ಲಿ ಬೇರೆಯವಳು ಬಿಚ್ಚಿ ಹೊಲಿಯುತ್ತಾಳೆಯೇ? ಹಾಗಿದ್ದರೆ ತಪ್ಪು ಮಾಡಿದವಳಿಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ಪ್ರತಿ ಗಂಟೆ ಬೋರ್ಡಿನಲ್ಲಿ ಬರೆಯುವುದು ಪೀಸುಗಳ ಎಣಿಕೆ ಮಾತ್ರವೇ? ಹಾಗಿದ್ದರೆ ಕ್ವಾಲಿಟಿ ಮುಖ್ಯ ಎಂದು ಗೋಡೆಯ ಮೇಲೆ ಎಷ್ಟೇ ದೊಡ್ಡದಾಗಿ ಬರೆದರೂ ಜನ ಓದುವುದು ಆ ಬೋರ್ಡನ್ನೇ.

ಎರಡನೆಯದು ಥಾಮಸ್ ಗಿಲ್ಬರ್ಟ್ ಅವರ ‘ಹ್ಯೂಮನ್ ಕಾಂಪಿಟೆನ್ಸ್’, 1978. ಈ ಕ್ಷೇತ್ರದ ಬೇರು ಎಂದರೆ ಇದೇ. ಓದಲು ಕಷ್ಟ, ಸೂತ್ರಗಳು ತುಂಬಿವೆ, ಲೇಖಕರು ತಮ್ಮದೇ ಪದಗಳನ್ನು ಕಟ್ಟಿಕೊಳ್ಳುತ್ತಾರೆ. ಮೂಲ ಮುದ್ರಣ ಸಿಗುವುದು ಕಷ್ಟ, ಆಮೇಲೆ ಬಂದ ಮರುಮುದ್ರಣ ಹುಡುಕಿ. ಇಡೀ ಪುಸ್ತಕ ಒಂದೇ ಉಸಿರಿಗೆ ಓದಲು ಹೋಗಬೇಡಿ. ಮೂರು ವಿಚಾರ ಹಿಡಿದರೆ ಬಂಡವಾಳ ವಾಪಸ್ ಬಂತು.

ಒಂದು, ವರ್ತನೆ ಬೇರೆ, ಅದರಿಂದ ಹುಟ್ಟುವ ಫಲ ಬೇರೆ. ಬೆಲೆ ಇರುವುದು ಫಲಕ್ಕೆ, ವರ್ತನೆಗೆ ತಗಲುವುದು ಖರ್ಚು. ಟೈಲರ್ ತಲೆ ತಗ್ಗಿಸಿ, ಮಾತಾಡದೆ ದುಡಿಯುತ್ತಾಳೆ ಎನ್ನುವುದು ವರ್ತನೆ. ಪಾಸ್ ಆದ ಕಾಲರ್ ಫಲ. ಅಳೆಯಬೇಕಾದದ್ದು ಎರಡನೆಯದನ್ನು.

ಎರಡು, ಸುಧಾರಣೆಗೆ ಎಷ್ಟು ಜಾಗ ಇದೆ ಎಂಬ ಲೆಕ್ಕ. ಲೈನಿನಲ್ಲಿ ಅತ್ಯುತ್ತಮವಾಗಿ ಮಾಡುವವರ ಫಲವನ್ನು ಸಾಮಾನ್ಯದವರ ಫಲದಿಂದ ಭಾಗಿಸಬೇಕು. ಉದಾಹರಣೆಗೆ ಹೀಗಿದೆ ಎಂದಿಟ್ಟುಕೊಳ್ಳಿ: ಅತ್ಯುತ್ತಮ ಟೈಲರ್ ಗಂಟೆಗೆ 50 ಹೊಲಿದು 1 ಆಲ್ಟರ್, ಅಂದರೆ 49 ಒಳ್ಳೆಯ ಪೀಸ್. ಸಾಮಾನ್ಯದವರು 40 ಹೊಲಿದು 5 ಆಲ್ಟರ್, ಅಂದರೆ 35. 49ನ್ನು 35ರಿಂದ ಭಾಗಿಸಿದರೆ 1.4. ಜಾಗ ಚೆನ್ನಾಗಿಯೇ ಇದೆ. ಇದನ್ನೇ ಬರೀ ಶೇಕಡಾ ಲೆಕ್ಕದಲ್ಲಿ ನೋಡಿದರೆ 98ಕ್ಕೆ 87.5, ಅನುಪಾತ 1.12ಕ್ಕೆ ಇಳಿದುಬಿಡುತ್ತದೆ. ಅಳತೆಗೋಲು ತಪ್ಪಾದರೆ ಇರುವ ಅವಕಾಶವೂ ಕಣ್ಣಿಗೆ ಬೀಳದು. ಈ ಸಂಖ್ಯೆ 1ಕ್ಕೆ ತೀರಾ ಹತ್ತಿರವಿದ್ದರೆ ಎಲ್ಲರೂ ಈಗಾಗಲೇ ಒಂದೇ ಮಟ್ಟದಲ್ಲಿದ್ದಾರೆ ಎಂದರ್ಥ. ಆಗ ಜನರ ಮೇಲೆ ದುಡ್ಡು ಸುರಿದು ಪ್ರಯೋಜನವಿಲ್ಲ, ಬದಲಾಗಬೇಕಾದದ್ದು ಕೆಲಸದ ವಿಧಾನ. ಒಂದು ಎಚ್ಚರಿಕೆ: ಹೋಲಿಸುವ ಇಬ್ಬರೂ ಒಂದೇ ಸ್ಟೈಲ್, ಒಂದೇ ಆಪರೇಷನ್ ಮಾಡುತ್ತಿರಬೇಕು.

ಮೂರು, ಆರು ಮನೆಗಳ ಚೌಕ. ಮೇಲಿನ ಸಾಲು ಸುತ್ತಲಿನ ವ್ಯವಸ್ಥೆಯದು: ಮಾಹಿತಿ, ಸಾಧನ, ಪ್ರೋತ್ಸಾಹ. ಕೆಳಗಿನ ಸಾಲು ಮನುಷ್ಯರದು: ಜ್ಞಾನ, ಸಾಮರ್ಥ್ಯ, ಮನಸ್ಸು. ಗಿಲ್ಬರ್ಟ್ ಹೇಳುವುದು ಮೇಲಿನ ಸಾಲನ್ನು ಮೊದಲು ನೋಡಿ, ಅದರಲ್ಲೂ ಮಾಹಿತಿಯಿಂದ ಶುರು ಮಾಡಿ ಎಂದು. ಅದಕ್ಕೆ ಖರ್ಚು ಕಡಿಮೆ, ಫಲ ಹೆಚ್ಚು. ತರಬೇತಿ ಕೆಳಗಿನ ಸಾಲಿನ ಒಂದೇ ಒಂದು ಮನೆಯ ಮದ್ದು. ಒಂದು ಹಾಳೆಯಲ್ಲಿ ಈ ಚೌಕ ಬರೆದು, ಪ್ರತಿ ಮನೆಗೂ ಫ್ಲೋರಿನಲ್ಲಿ ಕಣ್ಣಾರೆ ಕಂಡದ್ದನ್ನು ತುಂಬಿ. ಮಾಹಿತಿ: ತನ್ನ ಪೀಸ್ ಆಲ್ಟರ್ ಆದದ್ದು ಟೈಲರ್‌ಗೆ ಎಷ್ಟು ಹೊತ್ತಿಗೆ ಗೊತ್ತಾಗುತ್ತದೆ, ಅದೇ ಗಂಟೆಯೊಳಗೋ, ಮರುದಿನವೋ, ಎಂದೂ ಇಲ್ಲವೋ? ಅಪ್ರೂವ್ಡ್ ಸ್ಯಾಂಪಲ್ ಲೈನಿನಲ್ಲಿ ನೇತು ಹಾಕಿದೆಯೋ, ಕ್ಯೂಸಿ (ಗುಣಮಟ್ಟ ತಪಾಸಣೆ) ರೂಮಿನ ಕಪಾಟಿನಲ್ಲಿದೆಯೋ? ಸಾಧನ: ಸೂಜಿ ಬದಲಿಸುವ ನಿಯಮ ಇದೆಯೇ, ಬೆಳಕು ಸಾಕೇ, ಟೆಂಪ್ಲೇಟ್ ಅಂಚು ಸವೆದಿದೆಯೇ? ಹೀಗೆ. ‘ಅವರಿಗೆ ಆಸಕ್ತಿ ಇಲ್ಲ’ ಎಂಬ ಮಾತನ್ನು ಕೊನೆಯ ಮನೆಯಲ್ಲಿ ಮೊದಲೇ ಬರೆದಿಡುವುದು ಎಲ್ಲರೂ ಮಾಡುವ ತಪ್ಪು. ಉಳಿದ ಐದು ಮನೆ ತುಂಬುವ ತನಕ ಅದನ್ನು ಖಾಲಿ ಬಿಡಿ.

ಇದರ ಪಕ್ಕದಲ್ಲಿ ಗೀರಿ ರಮ್ಲರ್ ಮತ್ತು ಆ್ಯಲನ್ ಬ್ರಾಶ್ ಅವರ ‘ಇಂಪ್ರೂವಿಂಗ್ ಪರ್ಫಾರ್ಮೆನ್ಸ್’, 1990, ಇಟ್ಟುಕೊಳ್ಳಿ. ಸಂಸ್ಥೆ, ಪ್ರಕ್ರಿಯೆ, ಕೆಲಸಗಾರ ಎಂದು ಮೂರು ಮಟ್ಟ. ಪ್ರತಿಯೊಂದರಲ್ಲೂ ಗುರಿ, ವಿನ್ಯಾಸ, ನಿರ್ವಹಣೆ ಎಂದು ಮೂರು ಅಗತ್ಯ. ಒಟ್ಟು ಒಂಬತ್ತು ಪ್ರಶ್ನೆ. ತೊಂದರೆ ಹುಟ್ಟುವುದು ಹೆಚ್ಚಾಗಿ ಒಂದು ವಿಭಾಗ ಇನ್ನೊಂದಕ್ಕೆ ಕೆಲಸ ದಾಟಿಸುವ ಜಾಗದಲ್ಲಿ ಎನ್ನುವುದು ಅವರ ಮುಖ್ಯ ಮಾತು. ಕಟಿಂಗ್‌ನಲ್ಲಿ ನಾಚ್ (ಅಂಚಿನಲ್ಲಿ ಗುರುತಿಗಾಗಿ ಕತ್ತರಿಸುವ ಸಣ್ಣ ಕಚ್ಚು) ತಪ್ಪಾಗಿ ಬಿದ್ದಿದ್ದರೆ ಹೊಲಿಗೆಯವಳು ಎಷ್ಟೇ ಜಾಣೆಯಾದರೂ ಎರಡು ಕಾಲರ್ ತುದಿ ಸಮ ಬರುವುದಿಲ್ಲ. ಅವಳಿಗೆ ತರಬೇತಿ ಕೊಟ್ಟರೆ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಎಳೆದಂತೆ. ಒಂದು ಬಂಡಲ್ ಹಿಡಿದು ಕಟಿಂಗ್ ಟೇಬಲ್‌ನಿಂದ ಪ್ಯಾಕಿಂಗ್ ತನಕ ಅದರ ಜೊತೆ ನಡೆಯಿರಿ, ಪ್ರತಿ ಕೈ ಬದಲಾವಣೆಯನ್ನೂ ಬರೆದುಕೊಳ್ಳಿ. ಈ ಪುಸ್ತಕದ ನಕ್ಷೆಗಳು ಆಮೇಲೆ ತಾವಾಗಿಯೇ ಅರ್ಥವಾಗುತ್ತವೆ.

ಇಷ್ಟೆಲ್ಲ ಸೋಸಿದ ಮೇಲೂ ನಿಜವಾಗಿ ಕಲಿಸಬೇಕಾದವರು ಕೆಲವರು ಉಳಿಯುತ್ತಾರೆ, 60ರಲ್ಲಿ ಬಹುಶಃ ಎಂಟೋ ಹತ್ತೋ. ಅವರಿಗಾಗಿ ‘ಹೇಗೆ ಕಲಿಸಬೇಕು’ ಎನ್ನುವ ಪುಸ್ತಕಗಳು. ಇಲ್ಲಿ ನಾನು ಮೊದಲು ಹೇಳುವ ಹೆಸರು ಹೆಚ್ಚಿನ ಪಟ್ಟಿಗಳಲ್ಲಿ ಇರುವುದೇ ಇಲ್ಲ: ಎರಡನೇ ಮಹಾಯುದ್ಧದ ಕಾಲದಲ್ಲಿ, 1940ರಿಂದ 1945ರವರೆಗೆ, ಅಮೆರಿಕ ಸರ್ಕಾರ ನಡೆಸಿದ ‘ಟ್ರೈನಿಂಗ್ ವಿದಿನ್ ಇಂಡಸ್ಟ್ರಿ’ ಕಾರ್ಯಕ್ರಮದ ‘ಜಾಬ್ ಇನ್‌ಸ್ಟ್ರಕ್ಷನ್’ ಕೈಪಿಡಿ. ಕಾರ್ಖಾನೆಗಳಿಗೆ ಕೆಲಸ ಗೊತ್ತಿಲ್ಲದ ಹೊಸಬರು ಸಾಲುಸಾಲಾಗಿ ಬರುತ್ತಿದ್ದಾಗ, ಅವರಿಗೆ ಕಲಿಸುವುದು ಹೇಗೆಂದು ಸೂಪರ್‌ವೈಸರ್‌ಗಳಿಗೆ ಹೇಳಿಕೊಟ್ಟ ಕೋರ್ಸ್ ಅದು. ಎರಡೆರಡು ಗಂಟೆಯ ಐದು ಪಾಠ, ಒಟ್ಟು 10 ಗಂಟೆ. ನಾಲ್ಕು ಹೆಜ್ಜೆ: ಕಲಿಯುವವರನ್ನು ಸಿದ್ಧಗೊಳಿಸು, ಕೆಲಸ ತೋರಿಸು, ಅವರಿಂದ ಮಾಡಿಸು, ಆಮೇಲೆ ಬಿಡದೆ ವಿಚಾರಿಸು. ಅದರ ಬೇರು ಚಾರ್ಲ್ಸ್ ಅಲೆನ್ 1919ರಲ್ಲಿ ಬರೆದ ಪುಸ್ತಕದಲ್ಲಿದೆ. ಕೈಪಿಡಿ ಉಚಿತವಾಗಿ ಸಿಗುತ್ತದೆ.

ಅದರ ನಿಜವಾದ ಶಕ್ತಿ ಇರುವುದು ಕೆಲಸವನ್ನು ಒಡೆದು ಬರೆಯುವ ಹಾಳೆಯಲ್ಲಿ. ಎಡಗಡೆ ಮುಖ್ಯ ಹೆಜ್ಜೆ, ಬಲಗಡೆ ಅದರ ಗುಟ್ಟು. ಕಾಲರಿಗೆ ಟಾಪ್ ಸ್ಟಿಚ್ (ಅಂಚಿನುದ್ದಕ್ಕೂ ಮೇಲೆ ಕಾಣುವ ಹೊಲಿಗೆ) ಹಾಕುವಾಗ ತುದಿ ತಿರುಗಿಸುವುದನ್ನೇ ತೆಗೆದುಕೊಳ್ಳಿ. ಹೆಜ್ಜೆ: ತುದಿಯಲ್ಲಿ ನಿಲ್ಲಿಸು. ಗುಟ್ಟು: ಸೂಜಿ ಬಟ್ಟೆಯೊಳಗೇ ಇರಲಿ. ಹೆಜ್ಜೆ: ಪ್ರೆಸರ್ ಫೂಟ್ ಎತ್ತಿ ಬಟ್ಟೆ ತಿರುಗಿಸು. ಗುಟ್ಟು: ಸೂಜಿಯನ್ನೇ ಗೂಟ ಮಾಡಿಕೊಂಡು ತಿರುಗಿಸು, ಬಟ್ಟೆ ಎಳೆಯಬೇಡ. ಹೆಜ್ಜೆ: ಫೂಟ್ ಇಳಿಸಿ ಮುಂದುವರಿ. ಗುಟ್ಟು: ಮೊದಲ ಕೆಲವು ಹೊಲಿಗೆ ನಿಧಾನ. ಯಾಕೆಂದರೆ ಸೂಜಿ ಮೇಲಿದ್ದಾಗ ತಿರುಗಿಸಿದರೆ ಬಟ್ಟೆ ಜಾರಿ ತುದಿ ಮೊಂಡಾಗುತ್ತದೆ, ಎಳೆದರೆ ಸುಕ್ಕು ಬೀಳುತ್ತದೆ. ಈ ಹಾಳೆಯನ್ನು ಆಫೀಸಿನಲ್ಲಿ ಕೂತು ಬರೆಯಲಾಗದು. ನಿಮ್ಮ ಅತ್ಯುತ್ತಮ ಟೈಲರ್ ಪಕ್ಕದಲ್ಲಿ ಕೂತು, ಅವಳ ಕೈಯನ್ನು ಹತ್ತು ಸಲ ನೋಡಬೇಕು. ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದರೆ ಅವಳಿಗೇ ಹೇಳಲು ಬರದಿರಬಹುದು, ಕೈಗೆ ಗೊತ್ತಿರುವುದು ಬಾಯಿಗೆ ಗೊತ್ತಿರುವುದಿಲ್ಲ. ಅದಕ್ಕೇ ಸರಿಯಾದ ಒಂದು, ಕೆಟ್ಟ ಒಂದು ಪೀಸ್ ಅವಳ ಮುಂದಿಟ್ಟು ಕೇಳಿ, ಇದು ಹೀಗಾಗಲು ಏನು ತಪ್ಪಿರಬೇಕು ಎಂದು. ಆಗ ಗುಟ್ಟುಗಳು ಹೊರಬರುತ್ತವೆ.

ಇನ್ನು ಮೇಗರ್ ಅವರದೇ ‘ಪ್ರಿಪೇರಿಂಗ್ ಇನ್‌ಸ್ಟ್ರಕ್ಷನಲ್ ಆಬ್ಜೆಕ್ಟಿವ್ಸ್’, 1962. ಉದ್ದೇಶ ಬರೆಯುವಾಗ ಮೂರು ಭಾಗ ಇರಬೇಕು: ಏನು ಮಾಡಿ ತೋರಿಸಬೇಕು, ಯಾವ ಸ್ಥಿತಿಯಲ್ಲಿ, ಎಷ್ಟು ಚೆನ್ನಾಗಿ. ನಮ್ಮ ಕನ್ನಡದ ತರಬೇತಿ ಸುತ್ತೋಲೆಗಳ ದೊಡ್ಡ ಕಾಯಿಲೆ ‘ಅರಿವು ಮೂಡಿಸುವುದು’. ಅರಿವು ಮೂಡಿತೋ ಇಲ್ಲವೋ ಎಂದು ಯಾರು ಹೇಗೆ ನೋಡುವುದು? ಅದರ ಬದಲು ಹೀಗೆ ಬರೆಯಿರಿ: ‘ತನ್ನ ಮೆಷಿನ್ನಿನಲ್ಲಿ, ಅಪ್ರೂವ್ಡ್ ಸ್ಯಾಂಪಲ್ ನೋಡಿಕೊಂಡು, 10 ಕಾಲರಿಗೆ ಟಾಪ್ ಸ್ಟಿಚ್ ಹಾಕಬೇಕು, ಕನಿಷ್ಠ 9 ಪೀಸಿನಲ್ಲಿ ಎರಡೂ ತುದಿ ಟೆಂಪ್ಲೇಟಿಗೆ ಕೂಡಬೇಕು, ಸ್ಕಿಪ್ ಸ್ಟಿಚ್ (ನಡುವೆ ಬಿಟ್ಟುಹೋದ ಹೊಲಿಗೆ) ಇರಬಾರದು.’ ಹೀಗೆ ಬರೆದ ಕೂಡಲೇ ಪರೀಕ್ಷೆಯೂ ಸಿದ್ಧವಾಯಿತು, ಪಿಪಿಟಿ ಬೇಡ ಎನ್ನುವುದೂ ಗೊತ್ತಾಯಿತು.

ರಾಬರ್ಟ್ ಗ್ಯಾನ್ಯೇ ಅವರ ‘ದಿ ಕಂಡಿಷನ್ಸ್ ಆಫ್ ಲರ್ನಿಂಗ್’, 1965, ಎಲ್ಲರೂ ಪಾಠ ನಡೆಸುವ ಒಂಬತ್ತು ಹೆಜ್ಜೆಗಳಿಗಾಗಿ ನೆನೆಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಬೆಲೆಬಾಳುವುದು ಕಲಿಕೆಯ ಫಲದಲ್ಲಿ ಐದು ಜಾತಿ ಇದೆ ಎನ್ನುವ, ನಂತರದ ಆವೃತ್ತಿಗಳಲ್ಲಿ ಬಂದ ವಿಂಗಡಣೆ: ಬಾಯಲ್ಲಿ ಹೇಳುವ ಮಾಹಿತಿ, ಬೌದ್ಧಿಕ ಕೌಶಲ, ಯೋಚಿಸುವ ತಂತ್ರ, ಕೈಚಳಕ, ಮನೋಭಾವ. ಒಂದೊಂದನ್ನು ಕಲಿಸುವ ರೀತಿಯೂ ಬೇರೆ. ದೋಷದ ಹೆಸರು ಹೇಳುವುದು ಒಂದು, ಹೊಸ ಪೀಸ್ ನೋಡಿ ಇದು ಯಾವ ದೋಷ ಎಂದು ಗುರುತಿಸುವುದು ಇನ್ನೊಂದು, ದೋಷ ಬರದಂತೆ ಹೊಲಿಯುವುದು ಮತ್ತೊಂದು. ಮೊದಲನೆಯದನ್ನು ಕಲಿಸಿ ಮೂರನೆಯದು ಬರಲಿ ಎಂದು ಕಾಯುವುದೇ ‘ಅವೇರ್‌ನೆಸ್’ ತರಬೇತಿಗಳು ಸೋಲುವ ಕಾರಣ. ಕಲಿಕೆಯ ಗುರಿಗಳನ್ನು ಮಟ್ಟಗಳಾಗಿ ವಿಂಗಡಿಸಿದ ಬ್ಲೂಮ್ ಅವರ 1956ರ ವರ್ಗೀಕರಣವನ್ನು ಒಂದು ಸಂಜೆ ನೋಡಿ ಬಿಡಿ. ಡಿಕ್ ಮತ್ತು ಕೇರಿ ಅವರ 1978ರ ಪಠ್ಯಪುಸ್ತಕ ಪಕ್ಕದಲ್ಲಿಟ್ಟು ಬೇಕಾದಾಗ ತೆರೆಯುವಂಥದ್ದು, ಮೊದಲಿನಿಂದ ಕೊನೆವರೆಗೆ ಓದುವಂಥದ್ದಲ್ಲ. ನೀವು ಕೇಳಿದ ಆ್ಯಡಿ ಯಾರೋ ಒಬ್ಬರು ಬರೆದ ಗ್ರಂಥವೂ ಅಲ್ಲ. 1975ರಲ್ಲಿ ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿ ಅಮೆರಿಕದ ಸೇನೆಗೆ ಮಾಡಿಕೊಟ್ಟಂಥ ವಿಧಾನಗಳಿಗೆ ಬಾಯಿಂದ ಬಾಯಿಗೆ ಬಂದ ಹೆಸರು.

ಡೇವಿಡ್ ಮೆರಿಲ್ ಅವರ 2002ರ ‘ಫಸ್ಟ್ ಪ್ರಿನ್ಸಿಪಲ್ಸ್ ಆಫ್ ಇನ್‌ಸ್ಟ್ರಕ್ಷನ್’ ಲೇಖನ ಮಾತ್ರ ಬಿಡಬೇಡಿ. ನಿಜವಾದ ಸಮಸ್ಯೆ ಹಿಡಿದು ಕಲಿಸು, ಗೊತ್ತಿರುವುದನ್ನು ನೆನಪಿಗೆ ತಾ, ಮಾಡಿ ತೋರಿಸು, ಮಾಡಿಸು, ಕೆಲಸದಲ್ಲಿ ಬೆಸೆ. ಅದರ ಜೊತೆಗೆ ಜಾನ್ ಸ್ವೆಲರ್ ಅವರ ಕಾಗ್ನಿಟಿವ್ ಲೋಡ್ (ಕಲಿಯುವಾಗ ತಲೆಯ ಮೇಲೆ ಬೀಳುವ ಹೊರೆ) ಬರಹಗಳು, 1988ರಿಂದ ಶುರುವಾದವು. ಹೊಸಬರಿಗೆ ಪೂರ್ತಿ ಬಿಡಿಸಿದ ಉದಾಹರಣೆ ತೋರಿಸುವುದು ನೀವೇ ಕಂಡುಹಿಡಿಯಿರಿ ಎನ್ನುವುದಕ್ಕಿಂತ ಒಳ್ಳೆಯದು. ಆದರೆ ಅದೇ ವಿವರಣೆ ಪಳಗಿದವರಿಗೆ ಅಡ್ಡಿ. ಇದಕ್ಕೇ ಹೊಸ ಟೈಲರ್ ಮತ್ತು ಹತ್ತು ವರ್ಷದ ಟೈಲರ್ ಇಬ್ಬರನ್ನೂ ಒಂದೇ ತರಗತಿಯಲ್ಲಿ ಕೂರಿಸಬಾರದು.

ಮುಂದೆ ವಿಡಿಯೋ ಪಾಠ ಮಾಡುವುದಾದರೆ ರೂತ್ ಕ್ಲಾರ್ಕ್ ಮತ್ತು ರಿಚರ್ಡ್ ಮೇಯರ್ ಅವರ ‘ಇ-ಲರ್ನಿಂಗ್ ಆ್ಯಂಡ್ ದಿ ಸೈನ್ಸ್ ಆಫ್ ಇನ್‌ಸ್ಟ್ರಕ್ಷನ್’ ಓದಿ. ಚಿತ್ರಕ್ಕೆ ದನಿಯಲ್ಲಿ ವಿವರಣೆ ಇರುವಾಗ ಅದೇ ವಾಕ್ಯವನ್ನು ಪರದೆಯ ಮೇಲೂ ಹಾಕಿದರೆ ಕಲಿಕೆ ಕುಗ್ಗುತ್ತದೆ ಎನ್ನುತ್ತಾರೆ. ಆದರೆ ತಮ್ಮದಲ್ಲದ ಭಾಷೆಯಲ್ಲಿ ಕೇಳುವವರಿಗೆ ಬರಹ ನೆರವಾಗುತ್ತದೆ ಎಂಬ ವಿನಾಯಿತಿಯೂ ಅಲ್ಲೇ ಇದೆ. ನಿಮ್ಮ ಲೈನಿನಲ್ಲಿ ಹೊರರಾಜ್ಯದ ಹುಡುಗಿಯರಿದ್ದರೆ ಈ ವಿನಾಯಿತಿ ನಿಮಗೆ ನಿಯಮಕ್ಕಿಂತ ಮುಖ್ಯ. ಆದರೆ ಅದು ಅವರಿಗೆ ಓದಲು ಬರುವ ಭಾಷೆಯ ಬರಹವಾಗಿರಬೇಕು.

ಕಲಿತದ್ದು ಉಳಿಯುವ ವಿಷಯಕ್ಕೆ ರೋಡಿಗರ್ ಮತ್ತು ಕಾರ್ಪಿಕಿ ಅವರ 2006ರ ಪ್ರಯೋಗ ನೋಡಿ. ಒಂದು ಗುಂಪು ಪಾಠವನ್ನು ಮತ್ತೆ ಓದಿತು, ಇನ್ನೊಂದು ಗುಂಪು ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಮತ್ತೆ ಓದಿದವರೇ ಮುಂದೆ, ಶೇ. 81ಕ್ಕೆ 75. ಒಂದು ವಾರದ ನಂತರ ಲೆಕ್ಕ ತಿರುಗಿತು, ಶೇ. 42ಕ್ಕೆ 56. ತರಬೇತಿ ಮುಗಿದ ಸಂಜೆಯೇ ಪರೀಕ್ಷೆ ಮಾಡಿ ತೃಪ್ತಿಪಡಬಾರದು ಎನ್ನುವುದು ಇದಕ್ಕೇ. ಎರಡು ದಿನದ ತರಗತಿಯ ಬದಲು ದಿನಕ್ಕೆ 20 ನಿಮಿಷದಂತೆ ಮೆಷಿನ್ ಪಕ್ಕದಲ್ಲೇ ಕಲಿಸಿ, ಮರುದಿನ ಮೊದಲು ನೆನಪಿನಿಂದ ಮಾಡಿಸಿ.

ಫಲ ಅಳೆಯಲು ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಬರೆದ ನಾಲ್ಕು ಮೆಟ್ಟಿಲು ಗೊತ್ತಿರಲಿ: ಮೆಚ್ಚಿದರೇ, ಕಲಿತರೇ, ಕೆಲಸದಲ್ಲಿ ಮಾಡಿದರೇ, ಸಂಸ್ಥೆಗೆ ಫಲ ಬಂತೇ. ಮೊದಲ ಮೆಟ್ಟಿಲಿನ ಫೀಡ್‌ಬ್ಯಾಕ್ ಫಾರ್ಮಿನಲ್ಲೇ ನಿಂತುಬಿಡುವುದು ಸಾಮಾನ್ಯ ರೋಗ. ನೀವು ಚೆಕ್ಕರ್ ಬರೆಯುವ ಗಂಟೆಗಂಟೆಯ ಆಲ್ಟರ್ ಎಣಿಕೆಯನ್ನೇ ಬಳಸಿ: ಬದಲಾವಣೆಗೆ ಮೊದಲು ಎರಡು ವಾರ, ನಂತರ ನಾಲ್ಕು ವಾರ, ಏನನ್ನೂ ಬದಲಿಸದ ಇನ್ನೊಂದು ಲೈನಿನ ಜೊತೆ ಹೋಲಿಸಿ. ನಡುವೆ ಸ್ಟೈಲ್ ಬದಲಾದರೆ ಆ ಹೋಲಿಕೆ ಬಿಟ್ಟುಬಿಡಿ. ಹೊಸ ಸ್ಟೈಲಿನ ಮೊದಲ ಕೆಲವು ದಿನ ಆಲ್ಟರ್ ಹೇಗೂ ಏರುತ್ತದೆ. ಕಲಿತದ್ದು ಫ್ಲೋರಿಗೆ ಯಾಕೆ ಇಳಿಯುವುದಿಲ್ಲ ಎನ್ನುವುದಕ್ಕೆ ಬಾಲ್ಡ್‌ವಿನ್ ಮತ್ತು ಫೋರ್ಡ್ ಅವರ 1988ರ ಲೇಖನವಿದೆ. ಅದರಲ್ಲಿ ಕೆಲಸದ ಪರಿಸರದ ಭಾಗವನ್ನು ಸೂಪರ್‌ವೈಸರ್ ಜೊತೆ ಕೂತು ಓದಿ.

ಎರಡು ಸುಳ್ಳುಗಳಿಂದ ದೂರವಿರಿ. ‘ಓದಿದ್ದು ಶೇ. 10, ಕೇಳಿದ್ದು ಶೇ. 20, ಮಾಡಿದ್ದು ಶೇ. 90 ನೆನಪಿರುತ್ತದೆ’ ಎಂಬ ಶಂಕುವಿನ ಚಿತ್ರ ಎಲ್ಲ ತರಬೇತಿಯಲ್ಲೂ ಬರುತ್ತದೆ. ಎಡ್ಗರ್ ಡೇಲ್ 1946ರಲ್ಲಿ ಬರೆದ ಶಂಕುವಿನಲ್ಲಿ ಆ ಅಂಕಿಗಳೇ ಇರಲಿಲ್ಲ, ಆಮೇಲೆ ಯಾರೋ ಅಂಟಿಸಿದ್ದು. ಇನ್ನೊಂದು, ಕಣ್ಣಿನಿಂದ ಕಲಿಯುವವರು, ಕಿವಿಯಿಂದ ಕಲಿಯುವವರು ಎಂಬ ವಿಂಗಡಣೆ. ಅದಕ್ಕೆ ತಕ್ಕಂತೆ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದು ಪ್ಯಾಷ್ಲರ್ ಮತ್ತು ಸಂಗಡಿಗರು 2008ರಲ್ಲೇ ಪರಿಶೀಲಿಸಿ ಬರೆದಿದ್ದಾರೆ.

ಸದ್ಯಕ್ಕೆ ಎಲ್ಲವನ್ನೂ ಕೊಳ್ಳಬೇಡಿ. ಈ ವಾರ ಮೇಗರ್–ಪೈಪ್, ಆರು ಜನರ ಪರೀಕ್ಷೆ ಮತ್ತು ಆರು ಮನೆಗಳ ಚೌಕ. ಮುಂದಿನ ವಾರ ಗಿಲ್ಬರ್ಟ್ ಅವರ ಪುಸ್ತಕ ಮತ್ತು ಜಾಬ್ ಇನ್‌ಸ್ಟ್ರಕ್ಷನ್ ಕೈಪಿಡಿ. ಉಳಿದವು ಆರು ತಿಂಗಳಲ್ಲಿ ಬರಲಿ. ಮ್ಯಾನೇಜರ್‌ಗೆ ತರಬೇತಿ ಬೇಡ ಎಂದು ನೇರವಾಗಿ ಹೇಳಲು ಹೋಗಬೇಡಿ, ಅವರಿಗೂ ಮೇಲಿನಿಂದ ಒತ್ತಡ ಇರುತ್ತದೆ. ‘ಸರ್, ಮಾಡೋಣ. ಯಾರಿಗೆ ಏನು ಕಲಿಸಬೇಕು ಅಂತ ನೋಡೋಕೆ ಮೂರು ದಿನ ಕೊಡಿ’ ಎನ್ನಿ. ಮೂರನೇ ದಿನ ಒಂದೇ ಹಾಳೆ ಹಿಡಿದು ಹೋಗಿ: ಆರು ಜನರ ಎರಡು ಸುತ್ತಿನ ಅಂಕಿ, ಆರು ಮನೆಯ ಚೌಕ, ತರಬೇತಿ ಬೇಕಾದವರ ಹೆಸರು, ಮೆಕ್ಯಾನಿಕ್ ನೋಡಬೇಕಾದ ಮೆಷಿನ್‌ಗಳ ನಂಬರ್, ಅಪ್ರೂವ್ಡ್ ಸ್ಯಾಂಪಲ್ ನೇತುಹಾಕಬೇಕಾದ ಜಾಗ.